ಅರಳುಮರಳು ಅಂದು ಸುಮ್ಮನಾಗುವ ಮುನ್ನ

ಅರವತ್ತಕ್ಕೆ ಅರಳುಮರಳು ಅನ್ನುವುದು ನಮ್ಮ ನಾಗಮಂಗಲ ಕಡೆಯ ರೂಢಿ ಮಾತು. ಅಜ್ಜಿ ಮರೆತರೂ, ಪರೀಕ್ಷೆಗೆ ಓದುವ ಹುಡುಗ ಮರೆತರೂ ಮನೆಗೆ ಬರುವುದು ಅದೇ ನೆನಪಿನ ಟಾನಿಕ್.

ನಮ್ಮಜ್ಜಿ ಸಂತೆಯಿಂದ ಮನೆಗೆ ಬರುವ ದಾರಿ ಮರೆತಾಗ ನೆಂಟರೊಬ್ಬರು ಎರಡು ಬಾಟಲಿ ತಂದುಕೊಟ್ಟರು. ಡಾಕ್ಟರು ಮೊದಲು ರಕ್ತಪರೀಕ್ಷೆ ಬರೆದರು. ವಿಟಮಿನ್ ಬಿ12 ತೀರಾ ಕಮ್ಮಿ ಇತ್ತು. ಇಂಜೆಕ್ಷನ್ ಕೊಡಿಸಿದ ಮೇಲೆ, ಪೂರ್ತಿ ಅಲ್ಲದಿದ್ದರೂ, ಅಜ್ಜಿ ಚೇತರಿಸಿಕೊಂಡರು. ಮುದ್ದೆ, ಸೊಪ್ಪುಸಾರಿನಲ್ಲಿ ಬಿ12 ಇಲ್ಲ. ಹಾಲು, ಮೊಟ್ಟೆ, ಮಾಂಸದಲ್ಲಿದೆ. ಥೈರಾಯ್ಡ್ ಕಮ್ಮಿಯಾದರೂ ಮರೆವು ಬರುತ್ತದೆ. ಇವೆರಡಕ್ಕೂ ಚಿಕಿತ್ಸೆ ಇದೆ.

ಕೊರತೆ ಇಲ್ಲದವರ ಮಾತು ಬೇರೆ. ಮರೆವಿನ ಕಾಯಿಲೆ ತಡೆಯಲೆಂದು ವಿಟಮಿನ್ ಬಿ, ಇ ಮಾತ್ರೆಗಳನ್ನು ಶಿಫಾರಸು ಮಾಡಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲೇ ಹೇಳಿದೆ. ಅದು ಹೇಳಿದ ದಾರಿ: ಓಡಾಟ, ಬೀಡಿ ಬಿಡುವುದು, ಬಿಪಿ, ಶುಗರ್ ಹತೋಟಿ. ಒಂದೆಲಗದ ಚಟ್ನಿ ರುಚಿಗೆ ತಿನ್ನೋಣ, ಮದ್ದು ಅಂತ ನಂಬಿ ಕೂರುವುದು ಬೇಡ.

ಹಿರಿಯರು ದಾರಿ, ದುಡ್ಡಿನ ಲೆಕ್ಕ, ಮಕ್ಕಳ ಹೆಸರು ಮರೆಯುತ್ತಿದ್ದರೆ ಬಿ.ಜಿ. ನಗರದ ಮೆಡಿಕಲ್ ಕಾಲೇಜು ಆಸ್ಪತ್ರೆಗೋ, ಬೆಂಗಳೂರಿನ ನಿಮ್ಹಾನ್ಸ್‌ಗೋ ಕರೆದುಕೊಂಡು ಹೋಗಿ. ಬಾಟಲಿ ಖಾಲಿಯಾಗುವವರೆಗೆ ಕಾಯಬೇಡಿ.