ಅವ್ವನಿಗೆ ಹೊಂದುವ ಗಾಡಿ

ಪುಣೆಯ ನಮ್ಮ ಸೊಸೈಟಿಯ ಪಾರ್ಕಿಂಗಿನಲ್ಲಿ ಎಲ್ಲಕ್ಕಿಂತ ಹಳೆಯ ಗಾಡಿ ನನ್ನದು. 2008ರ ವ್ಯಾಗನ್ ಆರ್. ಹೊಸ ಎಸ್‌ಯುವಿಗಳ ನಡುವೆ, ಮದುವೆ ಮನೆಗೆ ಬಂದ ಬಡ ನೆಂಟನಂತೆ ನಿಂತಿರುತ್ತದೆ. "ಇನ್ನೂ ಇದನ್ನೇ ಓಡಿಸ್ತೀರಾ?" ಎಂದು ಕೇಳುವವರಿಗೆ ನಕ್ಕು ಸುಮ್ಮನಾಗುತ್ತೇನೆ. ಉತ್ತರ ಧಾರವಾಡದಲ್ಲಿದೆ.

ಅಲ್ಲಿ ನಮ್ಮವ್ವ ಇದ್ದಾಳೆ. 78 ವರ್ಷ, ಎರಡೂ ಮೊಣಕಾಲು ಸವೆದಿವೆ. ರೈಲಿನ ಮೆಟ್ಟಿಲು ಅವಳಿಂದಾಗದು. ವರ್ಷಕ್ಕೆ ಎರಡು ಸಲ ಈ ಗಾಡಿಯಲ್ಲೇ ಕರೆತಂದು, ತಿಂಗಳೊಪ್ಪತ್ತು ಇಟ್ಟುಕೊಂಡು, ಮತ್ತೆ ಬಿಟ್ಟುಬರುತ್ತೇನೆ. ಕಳೆದ ವರ್ಷ ಅವಳು ಇಲ್ಲಿದ್ದಾಗ ಮಗನ ಒತ್ತಾಯಕ್ಕೆ ಎಲ್ಲರೂ ಶೋರೂಮಿಗೆ ಹೋದೆವು. ಎಸ್‌ಯುವಿ ಹತ್ತಲು ಅವ್ವನಿಗೆ ಕಾಲು ಎತ್ತಲಾಗಲಿಲ್ಲ. ತಗ್ಗಿನ ಹ್ಯಾಚ್‌ಬ್ಯಾಕಿನಲ್ಲಿ ಕುಳಿತವಳಿಗೆ ಏಳಲಾಗಲಿಲ್ಲ, ಇಬ್ಬರು ಹಿಡಿದೆತ್ತಿದೆವು. ಹೊರಗೆ ಬಂದು ನಮ್ಮ ಗಾಡಿಯ ಬಾಗಿಲು ತೆಗೆದು, ಬೆನ್ನು ತಿರುಗಿಸಿ, ಕುರ್ಚಿಯ ಮೇಲೆ ಕೂತಂತೆ ಕೂತುಬಿಟ್ಟಳು. "ನನಗ ಇದ ಬೇಶ್ ಐತಿ ನೋಡಪಾ. ಹತ್ತೂದೂ ಬ್ಯಾಡ, ಇಳಿಯೂದೂ ಬ್ಯಾಡ."

ಅದರದೇ ಹೊಸ ಮಾದರಿ ಇದೆಯಲ್ಲ ಎನ್ನುತ್ತೀರಿ. ಇದೆ. ಇಬ್ಬರು ಮಕ್ಕಳ ಕಾಲೇಜು ಫೀ ಕಟ್ಟುವ ವರ್ಷಗಳಲ್ಲಿ ಅದರ ಸಾಲ ಬೇಡವೆಂದು ನಾನೂ ಹೆಂಡತಿಯೂ ಲೆಕ್ಕ ಹಾಕಿ ನಿರ್ಧರಿಸಿದ್ದೇವೆ.

ಹಳೇ ಗಾಡಿಯಲ್ಲಿ ಮೊದಲು ಸೋಲುವುದು ರಬ್ಬರ್. ಓಡಿಸಿದರೂ ನಿಲ್ಲಿಸಿದರೂ ಅದಕ್ಕೆ ವಯಸ್ಸಾಗುತ್ತದೆ. ಸಸ್ಪೆನ್ಷನ್ನಿನ ಬುಷ್, ಇಂಜಿನ್ ಮೌಂಟಿಂಗ್, ರೇಡಿಯೇಟರ್ ಹೋಸು, ಬಾಗಿಲಿನ ಬೀಡಿಂಗ್ ಒಂದೊಂದಾಗಿ ಬದಲಾಗಿವೆ. ಟೈರಿನ ಗೆರೆ ಆಳವಾಗಿದೆಯೆಂದು ನಂಬಬೇಡಿ. ಪಕ್ಕದಲ್ಲಿ ನಾಲ್ಕು ಅಂಕೆ ಇರುತ್ತವೆ. 3218 ಎಂದಿದ್ದರೆ 2018ರ 32ನೇ ವಾರ ತಯಾರಾದದ್ದು. ಟೈಮಿಂಗ್ ಬೆಲ್ಟ್ ಇನ್ನೂ ಮೋಸದ್ದು. ಹರಿಯುವ ಮುಂಚೆ ಹೇಳಿಕಳಿಸುವುದಿಲ್ಲ, ಹರಿದರೆ ಗಾಡಿ ಅಲ್ಲೇ ನಿಂತಿತು. ಈಗ ಬಂಕಿನಲ್ಲಿ ಸಿಗುವುದು ಶೇ. 20 ಎಥನಾಲ್ ಬೆರೆತ ಪೆಟ್ರೋಲ್. 2008ರಲ್ಲಿ ಮಾಡಿದ ಪೈಪುಗಳಿಗೆ ಅದು ಹೊಸ ಊಟ, ಹಾಗಾಗಿ ಅವನ್ನೂ ಪ್ರತಿ ಸರ್ವಿಸಿನಲ್ಲಿ ಮುಟ್ಟಿ ನೋಡಿಸುತ್ತೇನೆ.

ನೋಡುವವರು ವಿಜಯಪುರ ಕಡೆಯ ಮೇಸ್ತ್ರಿ. ಮೂವತ್ತು ವರ್ಷ ಪುಣೆಯಲ್ಲಿದ್ದು ಅರ್ಧ ಮರಾಠಿಯಾಗಿದ್ದಾರೆ; ಬೈಯುವುದು ಮಾತ್ರ ಅಚ್ಚ ಕನ್ನಡದಲ್ಲಿ. ಗಾಡಿಯನ್ನು ಮೇಲೆತ್ತಿ, ತಳದ ತಗಡಿಗೆ ಸ್ಕ್ರೂಡ್ರೈವರ್ ಚುಚ್ಚಿ ನೋಡಿ ಹೇಳಿದರು: "ಇಂಜಿನ್ ಗಟ್ಟಿ ಐತ್ರಿ. ಅದನ್ನ ಹೊತ್ತ ತಗಡ ಎಷ್ಟ ದಿನ ತಡಿತೈತಿ, ಅದನ್ನ ನೋಡ್ರಿ."

ಸರ್ಕಾರದ ಲೆಕ್ಕವೂ ಇದೆ. 2023ರಲ್ಲಿ 15 ವರ್ಷ ತುಂಬಿದಾಗ ಫಿಟ್‌ನೆಸ್ ಪರೀಕ್ಷೆ ಮಾಡಿಸಿ 5 ವರ್ಷಕ್ಕೆ ನೋಂದಣಿ ಮುಂದುವರಿಸಿದೆ. 2022ರ ಮಾರ್ಚ್‌ವರೆಗೆ 600 ರೂಪಾಯಿ ಇದ್ದ ಶುಲ್ಕ ಅಷ್ಟರಲ್ಲಿ 5,000 ಆಗಿತ್ತು. ಪರಿಸರ ತೆರಿಗೆ ಬೇರೆ. 20 ವರ್ಷ ದಾಟಿದ ಕಾರಿಗೆ 2025ರ ಆಗಸ್ಟಿನಿಂದ 10,000. 2028ರಲ್ಲಿ ತಗಡು, ಅವ್ವನ ಮೊಣಕಾಲು, ನನ್ನ ಜೇಬು ಮೂರನ್ನೂ ಮತ್ತೆ ನೋಡಬೇಕು.

ಮಗನ ಒಂದು ಮಾತಿಗೆ ಮಾತ್ರ ನನ್ನಲ್ಲಿ ಉತ್ತರವಿಲ್ಲ. "ಇದರಲ್ಲಿ ಏರ್‌ಬ್ಯಾಗ್ ಇಲ್ಲ, ಅಜ್ಜಿ ಮುಂದೆ ಕೂತಿರ್ತಾಳೆ." ನಿಜ. ಎಂತಹ ಮೇಸ್ತ್ರಿಯೂ ಅದನ್ನು ಸರಿಮಾಡಲಾರ. ನನ್ನಿಂದಾಗುವುದು ಇಷ್ಟೇ: ಬೆಳಕು ಹರಿದ ಮೇಲೆ ಹೊರಟು ಕತ್ತಲಾಗುವ ಮುಂಚೆ ತಲುಪುವುದು, ಎಂಬತ್ತು ದಾಟದಿರುವುದು, ಲಾರಿಗಳ ಜತೆ ಜಿದ್ದಿಗೆ ಬೀಳದಿರುವುದು. ಹೋಗುವಾಗ ಖಂಬಾಟ್ಕಿ ಘಾಟ್ ಏರುವ ಮುಂಚೆಯೇ ಎಸಿ ಆರಿಸಿ, ಟೆಂಪರೇಚರ್ ಮುಳ್ಳಿನ ಮೇಲೊಂದು ಕಣ್ಣಿಡುತ್ತೇನೆ. ನಿಪ್ಪಾಣಿ ದಾಟಿ ಕನ್ನಡ ಬೋರ್ಡು ಕಂಡ ಕೂಡಲೇ ಅವ್ವ, "ಊರು ಬಂತಲ್ಲೋ, ಇನ್ನರೆ ಈ ಪಟ್ಟಿ ಬಿಚ್ಚು" ಎಂದು ಶುರುಮಾಡುತ್ತಾಳೆ. ಧಾರವಾಡದವರೆಗೂ ಬಿಚ್ಚಗೊಡುವುದಿಲ್ಲ.