ಉಕ್ಕಿನ ಹದ, ಹಳೆಯ ಕೋವಿ

ಆಗಸ್ಟ್ ತಿಂಗಳ ಕೊನೆಯ ವಾರ. ಹುಣಸೂರು ದಾಟಿದ ಬಸ್ಸು ಆನೆಚೌಕೂರಿನ ಬಳಿ ಕಾಡು ಹೊಕ್ಕಾಗ ಸಣ್ಣಗೆ ಆರಂಭವಾದ ಮಳೆ, ತಿತಿಮತಿ ಬರುವ ಹೊತ್ತಿಗೆ ಧೋ ಎಂದು ಸುರಿಯತೊಡಗಿತ್ತು. ಪಕ್ಕದಲ್ಲಿ ಕುಳಿತಿದ್ದ ಮಗಳಿಗೆ ಬೇಸರ. ಎರಡನೇ ಪಿಯುಸಿ ಓದುತ್ತಿದ್ದ ಅವಳನ್ನು ಟ್ಯೂಷನ್ ತಪ್ಪಿಸಿ ಕರೆತಂದಿದ್ದೆ.

‘ಒಂದು ಸ್ಪ್ರಿಂಗ್ ನೋಡೋದಕ್ಕೆ ವಿರಾಜಪೇಟೆ ತನಕ ಹೋಗಬೇಕಾ ಅಪ್ಪ? ನನ್ನ ಪೆನ್ನಿನಲ್ಲೇ ಒಂದಿದೆ’ ಎಂದಳು.

ನಾವು ಹೊರಟಿದ್ದು ಗೆಳೆಯನೊಬ್ಬನ ಐನ್‌ಮನೆಗೆ. ಕೊಡವರಲ್ಲಿ ಐನ್‌ಮನೆ ಎಂದರೆ ಇಡೀ ಮನೆತನಕ್ಕೆ ಸೇರಿದ ಮೂಲಮನೆ. ಅಲ್ಲಿ ನೂರೈವತ್ತು ವರ್ಷಕ್ಕೂ ಹಳೆಯದಾದ ಕೇಪಿನ ಕೋವಿಯೊಂದಿದೆ. ನಳಿಗೆಯ ಬಾಯಿಂದ ಮದ್ದು ತುಂಬಿ, ಹಿಂದೆ ತಾಮ್ರದ ಪುಟ್ಟ ಕೇಪು ಇಟ್ಟು ಹೊಡೆಯುವಂಥದ್ದು. ಕೊಡಗಿನಲ್ಲಿ ಗಂಡು ಮಗು ಹುಟ್ಟಿದರೆ ಒಂದು ಗುಂಡು, ಮನೆಯಲ್ಲಿ ಸಾವಾದರೆ ಎರಡು ಗುಂಡು ಹಾರಿಸುವುದು ಹಿಂದಿನಿಂದ ಬಂದ ಪದ್ಧತಿ. ಆರು ತಿಂಗಳ ಹಿಂದೆ ಗೆಳೆಯನ ತಂದೆ ತೀರಿಕೊಂಡಾಗ ಆ ಕೋವಿಯಿಂದ ಮೊದಲ ಗುಂಡು ಹಾರಿತು. ಎರಡನೆಯದಕ್ಕೆ ಮದ್ದು ತುಂಬಿ ಹ್ಯಾಮರ್ ಎಳೆದರೆ ಒಳಗೆ ಟಕ್ ಎಂದು ಸದ್ದಾಗಿ, ಅದು ಕತ್ತು ಮುರಿದ ಹಕ್ಕಿಯ ಹಾಗೆ ಜೋತುಬಿತ್ತು. ಪಕ್ಕದ ಮನೆಯವರು ತಮ್ಮ ಕೋವಿ ತಂದು ಎರಡನೆಯ ಗುಂಡು ಹಾರಿಸಿದರು. ಶಾಸ್ತ್ರಕ್ಕೇನೂ ಕುಂದು ಬರಲಿಲ್ಲ. ಆದರೆ ಗೆಳೆಯನ ತಾಯಿಯ ಮನಸ್ಸಿನಲ್ಲಿ ಅದು ಮುಳ್ಳಿನಂತೆ ಉಳಿದುಬಿಟ್ಟಿತ್ತು. ‘ಕೈಲ್ ಮುಹೂರ್ತಕ್ಕಾದರೂ ಅದು ಮಾತಾಡಬೇಕು’ ಎನ್ನುತ್ತಿದ್ದರು.

ಕೈಲ್ ಮುಹೂರ್ತ, ಕೊಡವರ ಮಾತಿನಲ್ಲಿ ಕೈಲ್ ಪೊಳ್ದ್, ಆಯುಧಗಳ ಹಬ್ಬ. ಗದ್ದೆಯ ನಾಟಿ ಮುಗಿದ ಮೇಲೆ, ಸಾಮಾನ್ಯವಾಗಿ ಸೆಪ್ಟೆಂಬರ್ 3ರಂದು ಬರುತ್ತದೆ. ಕೋವಿ, ಕತ್ತಿಗಳನ್ನು ತಿಕ್ಕಿ ತೊಳೆದು ನಡುಮನೆಯಲ್ಲಿಟ್ಟು, ‘ತೋಕ್ ಪೂ’ ಎಂದರೆ ಕೋವಿ ಹೂ ಮುಡಿಸಿ ಪೂಜಿಸುತ್ತಾರೆ. ಬೆಂಕಿಯ ನಾಲಗೆಯಂತೆ ಕೆಂಪು ಹಳದಿ ಎಸಳು ಚಾಚುವ ಈ ಹೂವನ್ನು ನಮ್ಮ ಕಡೆ ಗೌರಿ ಹೂ ಎನ್ನುತ್ತಾರೆ. ಹಿಂದೆ ಅಂದು ಬೇಟೆಗೆ ಹೊರಡುತ್ತಿದ್ದರು. ಈಗ ಬೇಟೆಗೆ ಕಾನೂನಿನ ನಿಷೇಧವಿದೆ. ಮರದ ತುದಿಗೆ ತೆಂಗಿನಕಾಯಿ ಕಟ್ಟಿ ಗುರಿ ಹೊಡೆಯುವ ಸ್ಪರ್ಧೆಯಲ್ಲೇ ಸಂಭ್ರಮ.

ಕೋವಿಗೆ ಇಲ್ಲಿರುವ ಸ್ಥಾನ ದೇಶದ ಬೇರೆಲ್ಲೂ ಇಲ್ಲ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಪರವಾನಗಿ ಇಲ್ಲದೆ ಕೋವಿ ಇಟ್ಟುಕೊಳ್ಳುವ ವಿನಾಯಿತಿ ಬ್ರಿಟಿಷರ ಕಾಲದಲ್ಲಿ, 1861ರಲ್ಲೇ ದೊರೆಯಿತು. ಕೇಂದ್ರ ಸರ್ಕಾರ 2019ರಲ್ಲಿ ಅದನ್ನು 2029ರವರೆಗೆ ಮುಂದುವರಿಸಿತು. ಅದನ್ನು ಪ್ರಶ್ನಿಸಿದ್ದ ಅರ್ಜಿಯನ್ನು ಕರ್ನಾಟಕ ಹೈಕೋರ್ಟ್ 2021ರಲ್ಲಿ ತಳ್ಳಿಹಾಕಿತು. ಆದರೆ ವಿನಾಯಿತಿ ಇದ್ದರೆ ಸಾಲದು, ಮುರಿದ ಕೋವಿಯನ್ನು ಸರಿಮಾಡುವ ಕೈಯೂ ಬೇಕಲ್ಲ!

ಆ ಕೈ ವಿರಾಜಪೇಟೆಯ ಒಂದು ಓಣಿಯಲ್ಲಿತ್ತು. ಎಂಬತ್ತರ ಹತ್ತಿರದ ವಯಸ್ಸು, ತೆಳ್ಳನೆಯ ದೇಹ, ದಪ್ಪ ಗಾಜಿನ ಕನ್ನಡಕ. ಮಗಳು ಮೊದಲ ಗಳಿಗೆಯಿಂದಲೇ ಅವರನ್ನು ‘ಅಜ್ಜ’ ಎಂದಳು. ಅಂಗಡಿ ಎಂದರೆ ಒಂದು ಕೋಣೆ: ಇದ್ದಿಲ ಒಲೆ, ಕೈಯಲ್ಲಿ ತಿರುಗಿಸುವ ಬ್ಲೋವರ್, ವೈಸು, ಗೋಡೆಯುದ್ದಕ್ಕೂ ಸಾಲಾಗಿ ತೂಗುಹಾಕಿದ ಅರಗಳು. ಗೆಳೆಯ ಕೋವಿಯನ್ನೂ ವಿನಾಯಿತಿ ಪತ್ರವನ್ನೂ ಮುಂದಿಟ್ಟ. ಅಜ್ಜ ಮೊದಲು ಪತ್ರ ಓದಿದರು, ಆಮೇಲೆ ಕೋವಿ ಮುಟ್ಟಿದರು.

ನಳಿಗೆಯ ಬುಡದಲ್ಲಿ ಬರ್ಮಿಂಗ್‌ಹ್ಯಾಂನ ಮುದ್ರೆ ಇತ್ತು. ಅಲ್ಲಿ ನಳಿಗೆಗಳನ್ನು ಪರೀಕ್ಷಿಸಿ ಮುದ್ರೆ ಒತ್ತುವ ಸಂಸ್ಥೆ 1813ರ ಕಾಯ್ದೆಯಿಂದ ಆರಂಭವಾದುದು. ಪಕ್ಕದ ತಗಡು ಬಿಚ್ಚಿದಾಗ ಒಳಗಿನ ಲಾಕು ಕಾಣಿಸಿತು. ಇಂಗ್ಲಿಷಿನ ವಿ ಅಕ್ಷರವನ್ನು ಅಡ್ಡ ಮಲಗಿಸಿದಂಥ ಉಕ್ಕಿನ ಪಟ್ಟಿ, ಬಾಗಿನ ಹತ್ತಿರವೇ ಎರಡು ತುಂಡಾಗಿತ್ತು.

‘ಇದೇ ಮೇನ್ ಸ್ಪ್ರಿಂಗು. ಒಂದು ಕಾಲು ತಗಡಿಗೆ ಕಚ್ಚಿಕೊಂಡು ನಿಲ್ಲುತ್ತೆ, ಇನ್ನೊಂದು ಹ್ಯಾಮರಿನ ಬುಡವನ್ನು ಒತ್ತುತ್ತೆ. ಹ್ಯಾಮರ್ ಎಳೆದಾಗ ಎರಡು ಕಾಲೂ ಹತ್ತಿರ ಬರುತ್ತವೆ. ಟ್ರಿಗರ್ ಒತ್ತಿದರೆ ತಡೆ ಬಿಡುತ್ತೆ, ಇದು ಒದೆಯುತ್ತೆ’ ಎಂದರು.

‘ಅಂಗಡಿಯಲ್ಲಿ ಸಿಗಲ್ವಾ ಅಜ್ಜ?’

ಅವರು ಡಬ್ಬದಿಂದ ಹತ್ತಾರು ಹಳೆಯ ಸ್ಪ್ರಿಂಗುಗಳನ್ನು ಮೇಜಿನ ಮೇಲೆ ಸುರಿದರು. ನೋಡಲು ಎಲ್ಲ ಒಂದೇ. ಒಂದನ್ನಾದರೂ ಕೂರಿಸು ಎಂದರು. ಒಂದರ ಕೊಕ್ಕೆ ಗಿಡ್ಡ, ಇನ್ನೊಂದರ ಬಾಗು ಅಗಲ, ಮತ್ತೊಂದರ ಮೊಳೆ ತೂತಿಗೆ ಬರದು. ಆ ಕಾಲದಲ್ಲಿ ಇಂಥ ಲಾಕುಗಳನ್ನು ಒಂದೊಂದಾಗಿ ಕೈಯಲ್ಲೇ ಅರದಿಂದ ತಿಕ್ಕಿ ಮಾಡುತ್ತಿದ್ದರು. ಹಾಗಾಗಿ ಒಂದರ ಭಾಗ ಇನ್ನೊಂದಕ್ಕೆ ಹೊಂದುವುದಿಲ್ಲ. ಮುರಿದ ಎರಡು ತುಂಡೇ ಹೊಸದಕ್ಕೆ ನಕ್ಷೆ.

ಮರ ಕೊಯ್ಯುವ ದೊಡ್ಡ ಗರಗಸದ ಹಳೆಯ ಅಲಗಿನಿಂದ ಅಜ್ಜ ಪಟ್ಟಿ ಕತ್ತರಿಸಿದರು. ಕೆಂಪಗೆ ಕಾಯಿಸಿ ಬೂದಿಯಲ್ಲಿ ಹೂತು ನಿಧಾನವಾಗಿ ಆರಿಸಿದಾಗ ಉಕ್ಕು ಅರಕ್ಕೆ ಬಗ್ಗುವಷ್ಟು ಮೆತ್ತಗಾಯಿತು. ಬಾಗಿನ ಬಳಿ ದಪ್ಪ, ತುದಿಗೆ ಹೋದಂತೆ ತೆಳು ಆಗುವ ಹಾಗೆ ತಿಕ್ಕಬೇಕು. ಆಗ ಬಾಗುವ ಶ್ರಮ ಇಡೀ ಪಟ್ಟಿಗೆ ಹಂಚಿಹೋಗುತ್ತದೆ, ಒಂದೇ ಕಡೆ ಬೀಳುವುದಿಲ್ಲ. ಮಗಳ ಕಣ್ಣಲ್ಲಿ ಆಸೆ ಕಂಡಿತೇನೋ, ಅರವನ್ನು ಅವಳ ಕೈಗೆ ಕೊಟ್ಟರು. ‘ಉದ್ದಕ್ಕೆ ತಿಕ್ಕು ಮಗಳೇ, ಅಡ್ಡಕ್ಕೆ ಬೇಡ’ ಎಂದಷ್ಟೇ ಹೇಳಿದರು.

ತಿಕ್ಕುತ್ತಲೇ ಅವಳು ತನ್ನ ಪಾಠ ಒಪ್ಪಿಸಿದಳು: ರಾಬರ್ಟ್ ಹುಕ್, 1678, ಸ್ಪ್ರಿಂಗನ್ನು ಎಷ್ಟು ಎಳೆಯುತ್ತೇವೋ ಅದಕ್ಕೆ ತಕ್ಕಷ್ಟೇ ಅದು ವಾಪಸು ಎಳೆಯುತ್ತದೆ. ಅಜ್ಜ ಕೇಳಿಸಿಕೊಂಡು, ‘ಸರಿ. ಎಲ್ಲಿಯ ತನಕ?’ ಎಂದರು. ಅವಳು ಸುಮ್ಮನಾದಳು. ಪುಸ್ತಕದಲ್ಲಿ ಅದಕ್ಕೂ ಉತ್ತರವಿದೆ, ಆದರೆ ಆ ಗಳಿಗೆಗೆ ನೆನಪಾಗಲಿಲ್ಲ.

ಪಟ್ಟಿಯನ್ನು ಕೆಂಪಗೆ ಕಾಯಿಸಿ ಬಗ್ಗಿಸಿ, ಕೊಕ್ಕೆ ತಿದ್ದಿದ ಮೇಲೆ ಅಜ್ಜ ಬಾಗಿಲು ಮುಂದೆ ಮಾಡಿದರು. ಬೆಳಕಿನಲ್ಲಿ ಬೆಂಕಿಯ ಬಣ್ಣ ಮೋಸ ಮಾಡುತ್ತದಂತೆ. ಕಾದ ಸ್ಪ್ರಿಂಗಿಗೆ ಹಳೆಯ ಸ್ಪೀಕರಿನ ಅಯಸ್ಕಾಂತವನ್ನು ಸೋಕಿಸಿದರು. ಮೊದಮೊದಲು ಅಂಟುತ್ತಿದ್ದದ್ದು ಒಂದು ಹಂತದಲ್ಲಿ ಅಂಟಲಿಲ್ಲ. ಸುಮಾರು 770 ಡಿಗ್ರಿ ಸೆಲ್ಷಿಯಸ್ ದಾಟಿದರೆ ಕಬ್ಬಿಣ ಹಾಗೆ ಅಯಸ್ಕಾಂತಕ್ಕೆ ಒಲಿಯುವುದನ್ನು ಬಿಡುತ್ತದೆ. ಇನ್ನು ಸ್ವಲ್ಪ ಕಾಯಿಸಿ, ಎಣ್ಣೆಯ ಡಬ್ಬದೊಳಕ್ಕೆ ಚೊಂಯ್ ಎಂದು ಮುಳುಗಿಸಿದರು. ಕಾದ ಉಕ್ಕಿನಲ್ಲಿ ಕರಗಿದ್ದ ಇಂಗಾಲಕ್ಕೆ ಹೊರಬರಲು ಪುರಸೊತ್ತಿಲ್ಲದೆ ಒಳಗೇ ಸಿಕ್ಕಿಬೀಳುತ್ತದೆ. ಆಗ ಉಕ್ಕು ಬಹಳ ಗಡಸು, ಆದರೆ ಗಾಜಿನ ಹಾಗೆ ಒಡೆಯುವಂಥದ್ದು.

‘ಇನ್ನು ಹದ ಕೊಡಬೇಕು’ ಎಂದರು ಅಜ್ಜ.

ಹದ! ಬೆಲ್ಲದ ಪಾಕಕ್ಕೆ, ಬಿತ್ತನೆಯ ಮಣ್ಣಿಗೆ, ಕಡೆಗೆ ಮಾತಿಗೂ ನಾವು ಹೇಳುವ ಪದ. ಉಜ್ಜಿ ಹೊಳಪು ಮಾಡಿದ ಸ್ಪ್ರಿಂಗನ್ನು ಕಡಲೆಕಾಯಿ ಹುರಿಯುವವರಂತೆ ಬಾಣಲೆಯ ಬಿಸಿ ಮರಳಿನ ಮೇಲಿಟ್ಟರು. ಬೆಳ್ಳಗಿದ್ದ ಉಕ್ಕು ಮೊದಲು ಒಣಹುಲ್ಲಿನ ಹಳದಿಗೆ ತಿರುಗಿತು. ಆಮೇಲೆ ಕಂದು, ನೇರಳೆ, ಸುಮಾರು 300 ಡಿಗ್ರಿಯ ಹೊತ್ತಿಗೆ ನೀಲಿ. ಮೇಲ್ಮೈಯಲ್ಲಿ ಕಟ್ಟುವ ಆಕ್ಸೈಡ್ ಪೊರೆ ದಪ್ಪವಾದಂತೆ ಬಣ್ಣ ಬದಲಾಗುತ್ತದೆ. ಮಳೆನೀರಿನ ಮೇಲೆ ತೇಲುವ ಎಣ್ಣೆಯಲ್ಲಿ ಕಾಣುವ ಬಣ್ಣಗಳ ಆಟವೇ ಇಲ್ಲಿಯೂ. ನೀಲಿ ಬಂದ ಕೂಡಲೇ ತೆಗೆದರು. ಗಡಸುತನ ಸ್ವಲ್ಪ ಬಿಟ್ಟುಕೊಟ್ಟು ಬಾಗುವ ಗುಣ ಪಡೆದುಕೊಳ್ಳುವುದೇ ಹದ.

ಸಂಜೆ ಸ್ಪ್ರಿಂಗನ್ನು ವೈಸಿನಲ್ಲಿ ಅದುಮಿ ಕಚ್ಚಿಸಿ, ‘ರಾತ್ರಿಯಿಡೀ ಇಲ್ಲೇ ಇರಲಿ. ಒಡೆಯುವುದಾದರೆ ಇಲ್ಲೇ ಒಡೆಯಲಿ’ ಎಂದು ಅಂಗಡಿಗೆ ಬೀಗ ಹಾಕಿದರು.

ಬೆಳಿಗ್ಗೆ ಹೋದಾಗ ಅದು ಒಡೆದಿತ್ತು.

ಅಜ್ಜ ತುಂಡನ್ನು ಕಿಟಕಿಯ ಬೆಳಕಿಗೆ ಹಿಡಿದು ಮಗಳಿಗೆ ಕೊಟ್ಟರು. ‘ನಿನ್ನ ಕಣ್ಣು ಚೆನ್ನಾಗಿದೆ, ನೋಡು.’ ಒಡೆದ ಅಂಚಿಗೆ ಸರಿಯಾಗಿ ಕೂದಲೆಳೆಯಂಥ ಗೀರು, ಅಡ್ಡಕ್ಕೆ. ಅವಳ ಅರ ಒಮ್ಮೆ ಜಾರಿದ್ದು ಅಲ್ಲೇ. ಕೈಕೆಲಸದಲ್ಲಿ ತಪ್ಪು ಎಲ್ಲಿಯೂ ಕರಗಿಹೋಗುವುದಿಲ್ಲ. ಪ್ರತಿ ಸಲ ಬಾಗಿದಾಗಲೂ ಎಳೆತವೆಲ್ಲ ಆ ಗೀರಿನಲ್ಲೇ ಒಟ್ಟುಗೂಡಿ, ಬಿರುಕು ಅಲ್ಲಿಂದಲೇ ಹೊರಡುತ್ತದೆ.

ಅವಳ ಮುಖ ಸಣ್ಣದಾಯಿತು. ಹಬ್ಬಕ್ಕೆ ಉಳಿದಿದ್ದದ್ದು ನಾಲ್ಕೇ ದಿನ. ಗೆಳೆಯನ ತಾಯಿಯ ನೆನಪಾಗಿ ನನಗೂ ಮಾತು ಹೊರಡಲಿಲ್ಲ. ಅಜ್ಜ ಮಾತ್ರ ಕನ್ನಡಕ ತೆಗೆದು ಒರೆಸುತ್ತಾ, ‘ತಪ್ಪು ನಿನ್ನದಲ್ಲ ಮಗು. ನೋಡಬೇಕಾದವನು ನಾನು. ಈಗ ಗೀರು ನನಗೆ ಕಾಣುವುದಿಲ್ಲ’ ಎಂದರು.

ಇಷ್ಟು ಹೇಳಲು ಅವರಿಗೆ ಎಷ್ಟು ಕಷ್ಟವಾಗಿರಬೇಕು ಎಂದು ನನಗೆ ಆಮೇಲೆ ಹೊಳೆಯಿತು. ಮಗ ಬೆಂಗಳೂರಿನಲ್ಲಿ ಉದ್ಯೋಗದಲ್ಲಿದ್ದಾನೆ, ಅದರಲ್ಲಿ ತಪ್ಪೇನೂ ಇಲ್ಲ. ಕೆಲಸ ಕಲಿಯಲು ಬಂದ ಹುಡುಗರು ವರ್ಷವೂ ನಿಲ್ಲಲಿಲ್ಲ. ಕೈಗೆ ಇನ್ನೂ ಎಲ್ಲ ಗೊತ್ತಿದೆ, ಕಣ್ಣು ಮಾತ್ರ ಜೊತೆ ಬಿಟ್ಟಿದೆ.

ಅಂದು ಮತ್ತೆ ಗರಗಸದ ಅಲಗು, ಮತ್ತೆ ಒಲೆ. ಈ ಸಲ ಅರ ಹಿಡಿದವರು ಅಜ್ಜ. ನೋಡಿದವಳು ಮಗಳು. ಎಮರಿ ಕಾಗದದಿಂದ ಉದ್ದಕ್ಕೆ ಉಜ್ಜುತ್ತಾ, ಬಾಗಿಲಿಗೆ ಹೋಗಿ ಬೆಳಕಿಗೆ ಹಿಡಿದು, ‘ಇಲ್ಲೊಂದು ಇದೆ ಅಜ್ಜ’ ಎನ್ನುವಳು. ಅವರು ಅದನ್ನು ತೆಗೆಯುವರು. ಹೀಗೆ ಎಷ್ಟು ಸಲವೋ! ಮರಳಿನ ಬಾಣಲೆಯ ಮುಂದೆ ಕುಳಿತಾಗಲೂ ‘ಈಗ ಯಾವ ಬಣ್ಣ?’ ಎಂದು ಕೇಳಿದರು. ‘ನೇರಳೆ... ನೇರಳೆ... ಈಗ ನೀಲಿ!’ ಎಂದಾಗ ಇಕ್ಕಳ ಕೆಳಗಿಳಿಯಿತು.

ಮೂರನೆಯ ದಿನ ಬೆಳಿಗ್ಗೆ ವೈಸು ಸಡಿಲಿಸಿದಾಗ ಸ್ಪ್ರಿಂಗು ತನ್ನ ಮೊದಲಿನ ಅಳತೆಗೆ ಮರಳಿ ನಿಂತಿತು. ಲಾಕಿಗೆ ಕೂರಿಸಿ ಹ್ಯಾಮರ್ ಎಳೆದರು. ಎರಡು ಹಂತದ ಸದ್ದು ಸ್ಪಷ್ಟವಾಗಿ ಕೇಳಿಸಿತು. ಗೆಳೆಯನಿಗೆ ಮಾತ್ರ ಒಂದು ಕಟ್ಟಪ್ಪಣೆ: ‘ನಳಿಗೆಗೆ ವಯಸ್ಸಾಗಿದೆ. ಬರೀ ಮದ್ದು ಹಾಕಿ, ಗುಂಡು ಬೇಡ. ಅದಕ್ಕೆ ಈಗ ಸದ್ದು ಮಾಡುವುದೊಂದೇ ಕೆಲಸ.’

ಹಿಂದಿರುಗುವಾಗ ನಮ್ಮ ಬಸ್ಸು ಚನ್ನಪಟ್ಟಣದ ಊರೊಳಗೆ ಹಾದುಬಂತು. ಗೊಂಬೆಗಳ ಅಂಗಡಿಗಳನ್ನು ನೋಡುತ್ತಿದ್ದ ಮಗಳಿಗೆ ನಾನೊಂದು ಹಳೆಯ ಸಂಗತಿ ಹೇಳಿದೆ. ಟಿಪ್ಪು ಮಡಿದ ಮರುವರ್ಷ, 1800ರಲ್ಲಿ, ಈ ದಾರಿಯಲ್ಲಿ ಬಂದ ಫ್ರಾನ್ಸಿಸ್ ಬುಕನನ್, ಇಲ್ಲಿ ವಾದ್ಯಗಳಿಗೆ ಉಕ್ಕಿನ ತಂತಿ ಮಾಡುತ್ತಿದ್ದುದನ್ನೂ ಅದಕ್ಕೆ ದೂರದ ಸೀಮೆಗಳಲ್ಲಿದ್ದ ಬೇಡಿಕೆಯನ್ನೂ ಬರೆದಿಟ್ಟಿದ್ದಾನೆ. ದಕ್ಷಿಣ ಭಾರತದ ಉಕ್ಕನ್ನು ಯುರೋಪಿನವರು ‘ವೂಟ್ಸ್’ ಎಂದು ಕರೆದರು. ಆ ಹೆಸರು ನಮ್ಮ ‘ಉಕ್ಕು’ ಎಂಬ ಪದದಿಂದಲೇ ಬಂತೆಂಬುದು ಅನೇಕ ವಿದ್ವಾಂಸರ ಅಭಿಪ್ರಾಯ. 1819ರಲ್ಲಿ ಮೈಕೆಲ್ ಫ್ಯಾರಡೆ ಕೂಡ ಅದನ್ನು ವಿಶ್ಲೇಷಿಸಲು ಕುಳಿತಿದ್ದ.

‘ತಂತಿಗೂ ಅವರು ಹದ ನೋಡುತ್ತಿದ್ದಿರಬೇಕು, ಅಲ್ವಾ ಅಪ್ಪ?’ ಎಂದಳು. ಮುರಿದ ಮೊದಲ ಸ್ಪ್ರಿಂಗಿನ ತುಂಡು ಅವಳ ಜಾಮಿಟ್ರಿ ಬಾಕ್ಸಿನಲ್ಲಿತ್ತು. ಅಜ್ಜನನ್ನು ಕೇಳಿಯೇ ತಂದಿದ್ದಳು.

ಸೆಪ್ಟೆಂಬರ್ 3ರ ಮಧ್ಯಾಹ್ನ ಗೆಳೆಯನ ಫೋನು ಬಂತು. ಹಿಂದೆ ಮಳೆಯ ಸದ್ದು, ಜನರ ಗಲಾಟೆ. ಪೂಜೆ ಆಯಿತಂತೆ, ಅಂಗಳದಲ್ಲಿ ಕೋವಿ ಹಾರಿತಂತೆ. ಅವನ ತಾಯಿ ಬಾಗಿಲಲ್ಲಿ ನಿಂತು ಕೇಳಿಸಿಕೊಂಡು, ಏನೂ ಹೇಳದೆ ಒಳಗೆ ಹೋಗಿ ಎಲ್ಲರಿಗೂ ಕಡಂಬುಟ್ಟು ಬಡಿಸಿದರಂತೆ.

‘ಅಜ್ಜನೂ ಬಂದಿದ್ದರು. ಲಾಕು ಬಿಚ್ಚಿಸಿ ಮತ್ತೊಮ್ಮೆ ನೋಡಿದರು, ನಮ್ಮ ಹುಡುಗರ ಕೈಲೂ ನೋಡಿಸಿದರು. ನಿನ್ನ ಮಗಳಿಗೆ ಒಂದು ಮಾತು ತಿಳಿಸಬೇಕಂತೆ’ ಎಂದ.

‘ಏನು?’

‘ಗೀರು ಇಲ್ಲ ಅಂತ.’