ರಾಕಿ ಪರ್ವತದ ಹೊನ್ನೆಲೆಗಳು

ಅಮೆರಿಕದ ಕೊಲರಾಡೊ ರಾಜ್ಯದಲ್ಲಿರುವ ರಾಕಿ ಪರ್ವತ ರಾಷ್ಟ್ರೀಯ ಉದ್ಯಾನವನ್ನು ಶರದೃತುವಿನಲ್ಲಿ ಕಾಣುವ ಸುಯೋಗ ನಮಗೆ ಒದಗಿತು. 1915ರಲ್ಲಿ ಸ್ಥಾಪಿತವಾದ ಈ ಉದ್ಯಾನದೊಳಗೆ, ಎಸ್ಟೆಸ್ ಪಾರ್ಕ್ ಎಂಬ ಊರಿನಿಂದ ಗ್ರ್ಯಾಂಡ್ ಲೇಕ್‌ವರೆಗೆ 48 ಮೈಲಿ ಉದ್ದದ ಟ್ರೇಲ್ ರಿಡ್ಜ್ ರಸ್ತೆ ಸಾಗುತ್ತದೆ. ಅದರ ಅತ್ಯುನ್ನತ ಸ್ಥಳ 12,183 ಅಡಿ. ನಮ್ಮ ಮುಳ್ಳಯ್ಯನಗಿರಿಗೆ ಹೆಚ್ಚುಕಡಿಮೆ ಇಮ್ಮಡಿ. ಅಕ್ಟೋಬರ್ ಮಧ್ಯಭಾಗದ ಹೊತ್ತಿಗೆ ಹಿಮದಿಂದಾಗಿ ದಾರಿ ಮುಚ್ಚುವುದು ವಾಡಿಕೆಯಾದುದರಿಂದ, ಹೋಗಬಯಸುವ ಬಂಧುಗಳು ಸೆಪ್ಟೆಂಬರ್ ಉತ್ತರಾರ್ಧವನ್ನು ಆರಿಸಿಕೊಳ್ಳುವುದು ಲೇಸು.

ನಮ್ಮ ಮಲೆನಾಡಿನ ಕಾಡು ಕೆಂಪೇರುವುದು ವಸಂತದ ಚಿಗುರಿನಿಂದ; ಇಲ್ಲಿ ಬಣ್ಣ ಬರುವುದು ಎಲೆಯ ಮುಪ್ಪಿನಿಂದ. ಹಗಲು ಕುಗ್ಗಿ ಚಳಿ ಮೂಡಿದಂತೆ ಎಲೆಯ ಹಸಿರು ಕರಗಿ, ಅದರಡಿ ಮೊದಲೇ ಅಡಗಿದ್ದ ಹಳದಿ ಹೊರತೋರುತ್ತದೆ. ಆಸ್ಪೆನ್ ಮರದ ಎಲೆಯ ತೊಟ್ಟು ಚಪ್ಪಟೆಯಾಗಿರುವುದರಿಂದ ಮಂದಾನಿಲಕ್ಕೂ ಅದು ಕಂಪಿಸುತ್ತದೆ. ಹೀಗಾಗಿ ಬೆಟ್ಟದ ಮಗ್ಗುಲೆಲ್ಲ ಹೊನ್ನ ನಾಣ್ಯಗಳನ್ನು ತೂಗಿಬಿಟ್ಟಂತೆ ಮಿನುಗುತ್ತಿತ್ತು. ಒಂದೇ ಬೇರಿನಿಂದ ಹಲವು ಕಾಂಡಗಳು ಏಳುವುದೂ ಉಂಟು. ನೋಡಲು ತೋಪು, ವಾಸ್ತವದಲ್ಲಿ ಒಂದೇ ಜೀವ.

ಇನ್ನೂ ಮೇಲೇರಿದರೆ ಮರಗಳೇ ಇಲ್ಲ. ಬಂಡೆಗಳ ಸಂದಿನಲ್ಲಿ ಪೈಕಾ ಎಂಬ ಅಂಗೈಯಗಲದ ಪ್ರಾಣಿ ಚಳಿಗಾಲಕ್ಕೆಂದು ಹುಲ್ಲು ಕೂಡಿಡುತ್ತಿತ್ತು. ಗಾಳಿ ವಿರಳವಾದುದರಿಂದ ವಯಸ್ಸಾದವರಿಗೆ ಏದುಸಿರು ಬರುವುದು ಸಹಜ. ನಾವೂ ಬೆಚ್ಚನೆಯ ಶಾಲು ಹೊದ್ದು ಮೆಲ್ಲನೆ ಹೆಜ್ಜೆಯಿಟ್ಟೆವು.

ಸಂಜೆ ಮೊರೇನ್ ಪಾರ್ಕ್ ಹುಲ್ಲುಗಾವಲಿನ ಅಂಚಿಗೆ ಮರಳಿದೆವು. ಅದು ಎಲ್ಕ್ ಎಂಬ ಹಿರಿಯ ಜಿಂಕೆಗಳ ಬೆದೆಯ ಕಾಲ. ನಮ್ಮ ಕಡವೆಗಿಂತ ದೊಡ್ಡದಾದ, ಕವಲುಗೊಂಬಿನ ಗಂಡು ಕೊರಳೆತ್ತಿ ಕೂಗಿದಾಗ ಹೊರಟದ್ದು ಕೊಳಲಿನಂಥ ಸಣ್ಣ ದನಿ! ಅಷ್ಟು ದೇಹಕ್ಕೆ ಅಂಥ ಸ್ವರವೇ ಎಂದು ಬೆರಗಾದೆವು.

ಆದರೆ ಅಲ್ಲಿಯೇ ಆಸ್ಪೆನ್ ಗಿಡಗಳ ಸುತ್ತ ಎತ್ತರದ ಬೇಲಿಗಳಿದ್ದವು. ಬೇಟೆಯಿಂದ ಈ ಸೀಮೆಯಲ್ಲಿ ಎಲ್ಕ್‌ಗಳು ಅಳಿವಿನ ಅಂಚಿಗೆ ಬಂದಾಗ, 1913 ಮತ್ತು 1914ರಲ್ಲಿ ಯೆಲ್ಲೋಸ್ಟೋನ್‌ನಿಂದ ಮರಳಿ ತರಲಾಯಿತು. ಅಷ್ಟರಲ್ಲಿ ಅವುಗಳ ವೈರಿಯಾದ ತೋಳವನ್ನು ಮನುಷ್ಯನೇ ನಿರ್ಮೂಲ ಮಾಡಿದ್ದನು. ಭಯವಿಲ್ಲದೆ ಬೆಳೆದ ಹಿಂಡುಗಳು ಎಳೆಯ ಆಸ್ಪೆನ್ ಚಿಗುರನ್ನು ಮೇಯ್ದು, ಮರದ ಹೊಸ ಪೀಳಿಗೆಯೇ ಏಳದಾಯಿತು. 2008ರಿಂದ ಬೇಲಿ ಕಟ್ಟುವ ಕಾರ್ಯ ನಡೆದಿದೆ. ಪ್ರೇಕ್ಷಕರು ಮೆಚ್ಚುವ ಎರಡು ಚೆಲುವುಗಳನ್ನು ತಂತಿಯಿಂದ ಬೇರ್ಪಡಿಸಬೇಕಾಗಿ ಬಂದುದು ನಮಗೆ ವ್ಯಥೆಯನ್ನೇ ತಂದಿತು.

2020ರಲ್ಲಿ ಕೊಲರಾಡೊದ ಮತದಾರರು ತೋಳಗಳ ಪುನರಾಗಮನಕ್ಕೆ ಸಮ್ಮತಿಸಿದರು. 2023ರ ಡಿಸೆಂಬರಿನಲ್ಲಿ ಆರೆಗಾನ್‌ನಿಂದ ತಂದ ಹತ್ತು ತೋಳಗಳನ್ನು ರಾಜ್ಯದಲ್ಲಿ ಬಿಡಲಾಯಿತು. ದನ ಸಾಕುವವರಲ್ಲಿ ಅನೇಕರಿಗೆ ಇದು ಹಿಡಿಸಿಲ್ಲ. ಅವರ ನಷ್ಟವನ್ನು ಕಡೆಗಣಿಸುವುದು ತರವಲ್ಲ. ಆದರೂ ಅವು ಉದ್ಯಾನದಲ್ಲಿ ನೆಲೆಯೂರಿ, ಬೇಲಿಗಳನ್ನು ಕಿತ್ತುಹಾಕುವ ಕಾಲ ಬರಲೆಂದೇ ನಮ್ಮ ಮನಸ್ಸು ಬಯಸುತ್ತದೆ.